ಕ್ವಾರ್ಕ್‌ನಿಂದ ಕಿರ್ಚಾಫ್‌ವರೆಗೆ: ಎ-ಲೆವೆಲ್ ಭೌತಶಾಸ್ತ್ರದ ಎರಡು ಅಧ್ಯಾಯಗಳ ಪುನರಾವರ್ತನೆ

ಕರ್ನಾಟಕದಲ್ಲಿ ಪಿಯುಸಿ ವಿಜ್ಞಾನ ಓದಿ ಬ್ರಿಟನ್ನಿನಲ್ಲಿ ನೆಲೆಸಿದ ತಂದೆತಾಯಿಯರು ಮಕ್ಕಳ ಎ-ಲೆವೆಲ್ (ಅಲ್ಲಿನ ಪಿಯುಸಿ ಮಟ್ಟದ ಕೋರ್ಸ್) ಭೌತಶಾಸ್ತ್ರದ ಪುಸ್ತಕವನ್ನು ತೆರೆದಾಗ ವಿದ್ಯುತ್ತಿನ ಅಧ್ಯಾಯ ಪರಿಚಿತವಾಗಿಯೇ ಕಾಣುತ್ತದೆ. ಓಮ್‌ನ ನಿಯಮ, ಸರಣಿ ಮತ್ತು ಸಮಾಂತರ ಸಂಪರ್ಕ, ಆಂತರಿಕ ರೋಧ ಇವೆಲ್ಲ ಪಿಯುಸಿಯಲ್ಲೂ ಇದ್ದವು. ಆದರೆ ಅದೇ ಪುಸ್ತಕದ ಮೊದಲ ಅಧ್ಯಾಯದಲ್ಲಿ ಕ್ವಾರ್ಕ್, ಕೇಯಾನ್, ಲೆಪ್ಟಾನ್ ಸಂಖ್ಯೆ, ಸ್ಟ್ರೇಂಜ್‌ನೆಸ್ ಎಂಬ ಹೆಸರುಗಳು ಸಾಲುಗಟ್ಟಿ ಬರುತ್ತವೆ. ಪಿಯುಸಿ ಪಠ್ಯದಲ್ಲಿ ಇವಕ್ಕೆ ಪ್ರತ್ಯೇಕ ಅಧ್ಯಾಯವಿಲ್ಲದ ಕಾರಣ ಮನೆಯಲ್ಲಿ ಹೇಳಿಕೊಡಲು ಹೊರಟವರು ಅಲ್ಲೇ ನಿಂತುಬಿಡುತ್ತಾರೆ. ಮೇ ಮತ್ತು ಜೂನ್ ತಿಂಗಳ ಪರೀಕ್ಷೆಗೆ ಮುನ್ನ ಈ ಎರಡೂ ಅಧ್ಯಾಯಗಳನ್ನು ಮತ್ತೊಮ್ಮೆ ಓದುವ ವಿದ್ಯಾರ್ಥಿಗಳಿಗೂ, ಅವರ ಪಕ್ಕದಲ್ಲಿ ಕೂರುವ ಹಿರಿಯರಿಗೂ ಉಪಯೋಗವಾಗಲೆಂದು ಇಲ್ಲಿ ಎಕ್ಯೂಎ ಎಂಬ ಬ್ರಿಟನ್ನಿನ ಪರೀಕ್ಷಾ ಮಂಡಳಿಯ ಪಠ್ಯಕ್ರಮವನ್ನು ಆಧಾರವಾಗಿ ಇಟ್ಟುಕೊಂಡು ವಿಷಯವನ್ನು ಬುಡದಿಂದ ವಿವರಿಸಲಾಗಿದೆ.

ಈ ಮಂಡಳಿಯ ಎ-ಲೆವೆಲ್ ಪರೀಕ್ಷೆಯಲ್ಲಿ ಮೂರು ಪತ್ರಿಕೆಗಳಿವೆ. ಕಣಗಳು ಮತ್ತು ವಿಕಿರಣ, ಅಲೆಗಳು, ಯಂತ್ರಶಾಸ್ತ್ರ ಮತ್ತು ವಸ್ತುಗಳು, ವಿದ್ಯುತ್, ಆವರ್ತಕ ಚಲನೆ ಇವು ಮೊದಲ ಪತ್ರಿಕೆಯ ವಿಷಯಗಳು. ಅದರ ಅವಧಿ 2 ಗಂಟೆ, ಅಂಕ 85. ಅದರಲ್ಲಿ 60 ಅಂಕ ಬರೆದು ಉತ್ತರಿಸುವ ಪ್ರಶ್ನೆಗಳಿಗೆ, ಉಳಿದ 25 ಬಹು ಆಯ್ಕೆಯ ಪ್ರಶ್ನೆಗಳಿಗೆ. ಸೂತ್ರಗಳೂ ಸ್ಥಿರಾಂಕಗಳೂ ಇರುವ ಪುಸ್ತಿಕೆಯನ್ನು ಪರೀಕ್ಷಾ ಕೊಠಡಿಯಲ್ಲೇ ಕೊಡುತ್ತಾರೆ. ಹಾಗಾಗಿ ಸೂತ್ರವನ್ನು ಬಾಯಿಪಾಠ ಮಾಡುವುದಕ್ಕಿಂತ ಯಾವ ಸೂತ್ರ ಎಲ್ಲಿ ಸಲ್ಲುತ್ತದೆ ಎಂಬುದನ್ನು ತಿಳಿಯುವುದು ಮುಖ್ಯ.

ಎರಡು ಅಧ್ಯಾಯಗಳಿಗೂ ಒಂದೇ ಬುಡ

ಕಣಗಳ ಅಧ್ಯಾಯವನ್ನೂ ವಿದ್ಯುತ್ತಿನ ಅಧ್ಯಾಯವನ್ನೂ ಜೋಡಿಸುವುದು ವಿದ್ಯುದಾವೇಶ. ಎಲೆಕ್ಟ್ರಾನ್ ಹೊತ್ತಿರುವ ಋಣ ಆವೇಶದ ಪ್ರಮಾಣ 1.60 × 10⁻¹⁹ ಕೂಲಂಬ್. ಪ್ರೋಟಾನ್‌ನ ಆವೇಶವೂ ಅಷ್ಟೇ, ಚಿಹ್ನೆ ಮಾತ್ರ ಧನ. ತಂತಿಯಲ್ಲಿ 1 ಆಂಪಿಯರ್ ಪ್ರವಾಹವಿದೆ ಎಂದರೆ ಪ್ರತಿ ಸೆಕೆಂಡಿಗೆ 1 ಕೂಲಂಬ್ ಆವೇಶ, ಅಂದರೆ ಸುಮಾರು 6.25 × 10¹⁸ ಎಲೆಕ್ಟ್ರಾನುಗಳು ಆ ತಂತಿಯ ಒಂದು ಅಡ್ಡಕೊಯ್ತವನ್ನು ದಾಟುತ್ತಿವೆ ಎಂದರ್ಥ.

ಶಕ್ತಿಯನ್ನು ಅಳೆಯುವ ಮಾನದಲ್ಲೂ ಈ ನಂಟು ಕಾಣುತ್ತದೆ. ಒಂದು ಎಲೆಕ್ಟ್ರಾನ್ 1 ವೋಲ್ಟ್ ವಿಭವಾಂತರವನ್ನು ದಾಟಿದಾಗ ಪಡೆಯುವ ಶಕ್ತಿಗೆ 1 ಎಲೆಕ್ಟ್ರಾನ್ ವೋಲ್ಟ್ ಎಂದು ಹೆಸರು, ಅದು 1.60 × 10⁻¹⁹ ಜೌಲ್‌ಗೆ ಸಮ. ವಿಭವಾಂತರವೆಂದರೆ ಒಂದು ಕೂಲಂಬ್ ಆವೇಶ ಸಾಗುವಾಗ ನಡೆಯುವ ಕೆಲಸ ಎಂಬ ವಿದ್ಯುತ್ ಅಧ್ಯಾಯದ ವ್ಯಾಖ್ಯೆಯನ್ನು ಒಂದೇ ಎಲೆಕ್ಟ್ರಾನಿಗೆ ಅನ್ವಯಿಸಿದರೆ ಕಣಶಾಸ್ತ್ರದ ಮಾನ ತಾನಾಗಿ ದೊರೆಯುತ್ತದೆ. ಎಲೆಕ್ಟ್ರಾನ್‌ನ ನಿಶ್ಚಲ ಶಕ್ತಿ, ಅಂದರೆ ಅದರ ದ್ರವ್ಯರಾಶಿಗೆ ಸಮನಾದ ಶಕ್ತಿ, 0.511 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್, ಪ್ರೋಟಾನ್‌ನದು ಸುಮಾರು 938 ದಶಲಕ್ಷ. ಈ ಎರಡು ಅಂಕಿಗಳು ಕೊಟ್ಟ ಪುಸ್ತಿಕೆಯಲ್ಲಿಯೇ ಇರುತ್ತವೆ.

ಪರೀಕ್ಷೆಯಲ್ಲಿ ಪದೇ ಪದೇ ಬರುವ ಒಂದು ಸಣ್ಣ ಲೆಕ್ಕವೆಂದರೆ ವಿಶಿಷ್ಟ ಆವೇಶ, ಅಂದರೆ ಆವೇಶವನ್ನು ದ್ರವ್ಯರಾಶಿಯಿಂದ ಭಾಗಿಸಿದಾಗ ಬರುವ ಮೌಲ್ಯ. ಕೇಳಿರುವುದು ನ್ಯೂಕ್ಲಿಯಸ್ಸಿನದೋ ಅಯಾನಿನದೋ ಎಂದು ನೋಡದೆ ಉತ್ತರಿಸುವವರು ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಮೆಗ್ನೀಸಿಯಮ್-24ರ ನ್ಯೂಕ್ಲಿಯಸ್ಸಿನಲ್ಲಿ 12 ಪ್ರೋಟಾನುಗಳಿರುವುದರಿಂದ ಅದರ ವಿಶಿಷ್ಟ ಆವೇಶ ಕಿಲೋಗ್ರಾಮಿಗೆ ಸುಮಾರು 4.8 × 10⁷ ಕೂಲಂಬ್. ಅದೇ ಪರಮಾಣು ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡು ಅಯಾನಾದರೆ ಅದರ ನಿವ್ವಳ ಆವೇಶ ಎರಡು ಘಟಕ ಮಾತ್ರ, ದ್ರವ್ಯರಾಶಿ ಹೆಚ್ಚುಕಡಿಮೆ ಮೊದಲಿನಷ್ಟೇ. ಆದ್ದರಿಂದ ಉತ್ತರ ಸುಮಾರು 8.0 × 10⁶ಕ್ಕೆ ಇಳಿಯುತ್ತದೆ, ಅಂದರೆ ಆರನೆಯ ಒಂದು ಭಾಗ.

ನ್ಯೂಕ್ಲಿಯಸ್ ಚದುರದೆ ನಿಲ್ಲುವುದೇಕೆ

ಧನ ಆವೇಶದ ಪ್ರೋಟಾನುಗಳು ಪರಸ್ಪರ ವಿಕರ್ಷಿಸಿದರೂ ನ್ಯೂಕ್ಲಿಯಸ್ ಒಡೆದು ಹೋಗದಿರಲು ಪ್ರಬಲ ನ್ಯೂಕ್ಲಿಯರ್ ಬಲ ಕಾರಣ. ಸುಮಾರು 3 ಫೆಮ್ಟೊಮೀಟರ್ ದೂರದವರೆಗೆ ಅದು ಆಕರ್ಷಕ ಬಲ, ಅದರಾಚೆ ಬಹುತೇಕ ಶೂನ್ಯ, ಸುಮಾರು 0.5 ಫೆಮ್ಟೊಮೀಟರಿಗಿಂತ ಹತ್ತಿರ ಬಂದರೆ ವಿಕರ್ಷಕ. ಒಂದು ಫೆಮ್ಟೊಮೀಟರ್ ಎಂದರೆ 10⁻¹⁵ ಮೀಟರ್. ಆಕರ್ಷಣೆ ಎಂದಷ್ಟೇ ಬರೆದು ಹತ್ತಿರದ ವಿಕರ್ಷಣೆಯನ್ನು ಬಿಟ್ಟರೆ ನ್ಯೂಕ್ಲಿಯಸ್ ಕುಗ್ಗಿ ಬಿಂದುವಾಗದೇಕೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಬೀಟಾ ಕ್ಷಯ ಮತ್ತು ಕಾಣದ ಕಣ

ನ್ಯೂಟ್ರಾನುಗಳು ಹೆಚ್ಚಾಗಿರುವ ನ್ಯೂಕ್ಲಿಯಸ್ಸಿನಲ್ಲಿ ಒಂದು ನ್ಯೂಟ್ರಾನ್ ಪ್ರೋಟಾನಾಗಿ ಮಾರ್ಪಟ್ಟು ಒಂದು ಎಲೆಕ್ಟ್ರಾನನ್ನು ಹೊರಹಾಕುವುದೇ ಋಣ ಬೀಟಾ ಕ್ಷಯ. ಒಂದೇ ಬಗೆಯ ನ್ಯೂಕ್ಲಿಯಸ್ಸುಗಳು ಒಂದೇ ರೀತಿಯಲ್ಲಿ ಬದಲಾಗುವಾಗ ಬಿಡುಗಡೆಯಾಗುವ ಒಟ್ಟು ಶಕ್ತಿ ಪ್ರತಿ ಬಾರಿಯೂ ಒಂದೇ ಆಗಿರುತ್ತದೆ. ಹೊರಬೀಳುವುದು ಎಲೆಕ್ಟ್ರಾನ್ ಒಂದೇ ಆಗಿದ್ದರೆ ಅದರ ಶಕ್ತಿಯೂ ಪ್ರತಿ ಬಾರಿ ಒಂದೇ ಇರಬೇಕಿತ್ತು. ಪ್ರಯೋಗಗಳಲ್ಲಿ ಕಂಡದ್ದು ಬೇರೆ: ಶೂನ್ಯದ ಸಮೀಪದಿಂದ ಒಂದು ಗರಿಷ್ಠ ಮಿತಿಯವರೆಗೆ ಎಲ್ಲ ಬಗೆಯ ಶಕ್ತಿಯ ಎಲೆಕ್ಟ್ರಾನುಗಳೂ ಬರುತ್ತಿದ್ದವು. ಕಾಣೆಯಾದ ಶಕ್ತಿಯನ್ನು ಆವೇಶವಿಲ್ಲದ, ಹಿಡಿಯಲು ಬಹಳ ಕಷ್ಟವಾದ ಇನ್ನೊಂದು ಕಣ ಹೊತ್ತೊಯ್ಯುತ್ತಿರಬೇಕು ಎಂದು ವುಲ್ಫ್‌ಗಾಂಗ್ ಪೌಲಿ 1930ರಲ್ಲಿ ಸೂಚಿಸಿದರು. ಅದೇ ನ್ಯೂಟ್ರಿನೊ. ಅದನ್ನು ಕ್ಲೈಡ್ ಕವನ್ ಮತ್ತು ಫ್ರೆಡರಿಕ್ ರೈನ್ಸ್ ಪರಮಾಣು ರಿಯಾಕ್ಟರಿನ ಬಳಿ ಪತ್ತೆಹಚ್ಚಿದ್ದು 1956ರಲ್ಲಿ. ಶಕ್ತಿ ನಾಶವಾಗುವುದಿಲ್ಲ ಎಂಬ ನಿಯಮವನ್ನು ಕೈಬಿಡಲೊಪ್ಪದೆ, ಯಾರೂ ಕಾಣದ ಕಣವೊಂದನ್ನು ಲೆಕ್ಕಕ್ಕೆ ಸೇರಿಸಿದ ಈ ಕ್ರಮವನ್ನೇ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಮತ್ತೆ ಮತ್ತೆ ಮಾಡಬೇಕಾಗುತ್ತದೆ.

ಈ ಕಣದ ಚರಿತ್ರೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ನ್ಯೂಟ್ರಿನೊಗಳನ್ನು ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಇರಿಸಿದ ಉಪಕರಣಗಳು 1965ರಲ್ಲಿ ಗುರುತಿಸಿದವು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕ ಮತ್ತು ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯಗಳವರು ಕೂಡಿ ನಡೆಸಿದ ಪ್ರಯೋಗವದು. ಮೇಲಿನ ಬಂಡೆ ಇತರ ಕಣಗಳನ್ನೆಲ್ಲ ತಡೆದು ನ್ಯೂಟ್ರಿನೊಗಳಿಗೆ ಮಾತ್ರ ದಾರಿ ಬಿಡುತ್ತದೆ ಎಂಬ ಕಾರಣಕ್ಕೇ ಅಷ್ಟು ಆಳದ ಗಣಿಯನ್ನು ಆರಿಸಿಕೊಂಡರು. ಇದು ಪ್ರಶ್ನೆಪತ್ರಿಕೆಯಲ್ಲಿ ಬರುವ ಸಂಗತಿಯಲ್ಲವಾದರೂ ನ್ಯೂಟ್ರಿನೊ ದ್ರವ್ಯದೊಡನೆ ಎಷ್ಟು ವಿರಳವಾಗಿ ವರ್ತಿಸುತ್ತದೆ ಎಂಬುದು ಇದರಿಂದ ಮನದಟ್ಟಾಗುತ್ತದೆ.

ಪ್ರತಿಕಣಗಳು

ಪ್ರತಿಯೊಂದು ಕಣಕ್ಕೂ ಒಂದು ಪ್ರತಿಕಣವಿದೆ. ದ್ರವ್ಯರಾಶಿ ಮತ್ತು ನಿಶ್ಚಲ ಶಕ್ತಿ ಎರಡಕ್ಕೂ ಸಮಾನ. ಆವೇಶ ಮತ್ತು ಮುಂದೆ ವಿವರಿಸುವ ಇತರ ಸಂಖ್ಯೆಗಳು ವಿರುದ್ಧ. ಎಲೆಕ್ಟ್ರಾನಿನ ಪ್ರತಿಕಣ ಪಾಸಿಟ್ರಾನ್. ಬ್ರಿಸ್ಟಲ್‌ನಲ್ಲಿ ಹುಟ್ಟಿದ ಪಾಲ್ ಡಿರಾಕ್ 1928ರಲ್ಲಿ ರೂಪಿಸಿದ ಸಮೀಕರಣ ಇಂಥ ಕಣಕ್ಕೆ ದಾರಿ ತೋರಿಸಿತು. ಕಾರ್ಲ್ ಆಂಡರ್ಸನ್ 1932ರಲ್ಲಿ ಅದನ್ನು ಪತ್ತೆ ಮಾಡಿದರು.

ಕಣವೂ ಪ್ರತಿಕಣವೂ ಕೂಡಿದರೆ ಎರಡೂ ಅಳಿದು ಎರಡು ಫೋಟಾನುಗಳು ಹೊರಡುತ್ತವೆ. ಒಂದರ ಬದಲು ಎರಡೇಕೆ ಎಂದು ಕೇಳಿದರೆ, ಸಂವೇಗವೂ ಸಂರಕ್ಷಿತವಾಗಬೇಕು, ಹಾಗಾಗಿ ಅವು ವಿರುದ್ಧ ದಿಕ್ಕುಗಳಲ್ಲಿ ಹೋಗಬೇಕು ಎಂದು ಉತ್ತರಿಸಬೇಕು. ಇದರ ತಿರುಗುಮುರುಗು ಕ್ರಿಯೆಯಲ್ಲಿ ಒಂದು ಫೋಟಾನ್ ನ್ಯೂಕ್ಲಿಯಸ್ಸಿನ ಸಮೀಪದಲ್ಲಿ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಜೋಡಿಯಾಗಿ ಮಾರ್ಪಡುತ್ತದೆ. ಅದಕ್ಕೆ ಕನಿಷ್ಠ 1.02 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು, ಹೆಚ್ಚಿಗೆ ಉಳಿದದ್ದು ಆ ಜೋಡಿಯ ಚಲನಶಕ್ತಿಯಾಗುತ್ತದೆ. ಆಸ್ಪತ್ರೆಯ ಪೆಟ್ ಸ್ಕ್ಯಾನ್ ಯಂತ್ರ ಹಿಡಿಯುವುದು ಪಾಸಿಟ್ರಾನ್ ಅಳಿದಾಗ ಹೊರಡುವ ಇಂಥ ಫೋಟಾನ್ ಜೋಡಿಗಳನ್ನೇ.

ಕಣಗಳ ಕುಲಗಳು

ಕಣಗಳ ಹೆಸರುಗಳನ್ನು ಬಿಡಿಬಿಡಿಯಾಗಿ ಉರು ಹೊಡೆಯುವ ಬದಲು ಒಂದು ಪ್ರಶ್ನೆ ಹಾಕಿಕೊಂಡರೆ ವಿಂಗಡಣೆ ಸುಲಭವಾಗುತ್ತದೆ: ಈ ಕಣ ಪ್ರಬಲ ಬಲಕ್ಕೆ ಒಳಪಡುತ್ತದೆಯೇ? ಒಳಪಟ್ಟರೆ ಅದು ಹ್ಯಾಡ್ರಾನ್, ಇಲ್ಲದಿದ್ದರೆ ಲೆಪ್ಟಾನ್. ಎಲೆಕ್ಟ್ರಾನ್, ಅದರಂತೆಯೇ ಇದ್ದರೂ ಅದಕ್ಕಿಂತ ಭಾರವಾದ ಮ್ಯೂಆನ್, ಅವುಗಳ ನ್ಯೂಟ್ರಿನೊಗಳು ಮತ್ತು ಇವೆಲ್ಲದರ ಪ್ರತಿಕಣಗಳು ಲೆಪ್ಟಾನುಗಳು. ಇವುಗಳಿಗೆ ಒಳರಚನೆ ಇಲ್ಲ, ಇವು ಮೂಲಕಣಗಳು.

ಹ್ಯಾಡ್ರಾನುಗಳು ಕ್ವಾರ್ಕುಗಳಿಂದಾಗಿವೆ. ಮೂರು ಕ್ವಾರ್ಕುಗಳಿದ್ದರೆ ಬ್ಯಾರಿಯಾನ್, ಒಂದು ಕ್ವಾರ್ಕ್ ಮತ್ತು ಒಂದು ಪ್ರತಿಕ್ವಾರ್ಕ್ ಇದ್ದರೆ ಮೀಸಾನ್. ಈ ಪಠ್ಯಕ್ಕೆ ಬೇಕಾದ ಕ್ವಾರ್ಕುಗಳು ಮೂರೇ (ಪ್ರೋಟಾನಿನ ಆವೇಶವನ್ನು +1 ಎಂದು ಇಟ್ಟುಕೊಂಡು): ಅಪ್‌ನ ಆವೇಶ +2/3, ಡೌನ್‌ನದು −1/3, ಸ್ಟ್ರೇಂಜ್‌ನದೂ −1/3. ಎರಡು ಅಪ್, ಒಂದು ಡೌನ್ ಸೇರಿ ಆವೇಶ +1 ಇರುವ ಪ್ರೋಟಾನ್; ಒಂದು ಅಪ್, ಎರಡು ಡೌನ್ ಸೇರಿ ಆವೇಶ ಶೂನ್ಯವಾದ ನ್ಯೂಟ್ರಾನ್. ಕ್ವಾರ್ಕುಗಳ ಗುಣಗಳ ಪಟ್ಟಿ ಪುಸ್ತಿಕೆಯಲ್ಲಿರುತ್ತದೆ, ಆದರೆ ಯಾವ ಕಣದಲ್ಲಿ ಯಾವ ಕ್ವಾರ್ಕುಗಳಿವೆ ಎಂಬುದು ಇರುವುದಿಲ್ಲ. ಪ್ರೋಟಾನ್, ನ್ಯೂಟ್ರಾನ್, ಪಯಾನ್ (ಅಪ್ ಮತ್ತು ಡೌನ್ ಬಗೆಯ ಕ್ವಾರ್ಕುಗಳಷ್ಟೇ ಇರುವ ಮೀಸಾನ್), ಕೇಯಾನ್ ಇವುಗಳ ರಚನೆಯನ್ನು ನೆನಪಿಡಲೇಬೇಕು, ಅಥವಾ ಆವೇಶ ಮತ್ತು ಸ್ಟ್ರೇಂಜ್‌ನೆಸ್ಸಿನಿಂದ ಕಟ್ಟಿಕೊಳ್ಳಲು ಕಲಿಯಬೇಕು.

ಕೇಯಾನ್ ಎಂದರೆ ಒಂದು ಸ್ಟ್ರೇಂಜ್ ಕ್ವಾರ್ಕ್ ಅಥವಾ ಸ್ಟ್ರೇಂಜ್ ಪ್ರತಿಕ್ವಾರ್ಕ್ ಇರುವ ಮೀಸಾನ್. ಇಂಥ ಕಣಗಳ ಗುರುತನ್ನು ಮ್ಯಾಂಚೆಸ್ಟರಿನ ಜಾರ್ಜ್ ರಾಚೆಸ್ಟರ್ ಮತ್ತು ಕ್ಲಿಫರ್ಡ್ ಬಟ್ಲರ್ 1947ರಲ್ಲಿ ಪ್ರಕಟಿಸಿದರು. ಅವು ಪ್ರಬಲ ಕ್ರಿಯೆಯಲ್ಲಿ ಜೋಡಿಯಾಗಿ, ಕ್ಷಣಾರ್ಧಕ್ಕಿಂತ ಎಷ್ಟೋ ಬೇಗ ಹುಟ್ಟುತ್ತಿದ್ದವು. ಅದೇ ವೇಗದಲ್ಲಿ ಅಳಿಯಬೇಕಾಗಿದ್ದವು ಅಳಿಯುವುದಕ್ಕೆ ಮಾತ್ರ ಕೋಟ್ಯಂತರ ಪಟ್ಟು ಹೆಚ್ಚು ಸಮಯ ತೆಗೆದುಕೊಳ್ಳುತ್ತಿದ್ದವು. ಧನ ಕೇಯಾನಿನ ಸರಾಸರಿ ಆಯುಷ್ಯ ಸುಮಾರು 1.2 × 10⁻⁸ ಸೆಕೆಂಡ್. ಕಣಶಾಸ್ತ್ರದ ಮಟ್ಟಿಗೆ ಇದು ದೀರ್ಘಾಯುಷ್ಯ. ಸ್ಟ್ರೇಂಜ್‌ನೆಸ್ ಎಂಬ ಸಂಖ್ಯೆಯನ್ನು ಕಲ್ಪಿಸಿದ್ದು ಇದನ್ನು ವಿವರಿಸಲು: ಪ್ರಬಲ ಕ್ರಿಯೆಯಲ್ಲಿ ಆ ಸಂಖ್ಯೆ ಬದಲಾಗುವಂತಿಲ್ಲ, ಬೀಟಾ ಕ್ಷಯದಂಥ ದುರ್ಬಲ ಕ್ರಿಯೆಯಲ್ಲಿ ಒಂದರಷ್ಟು ಏರಬಹುದು, ಇಳಿಯಬಹುದು, ಅಥವಾ ಹಾಗೆಯೇ ಉಳಿಯಬಹುದು. ಆದ್ದರಿಂದಲೇ ಹುಟ್ಟು ಪ್ರಬಲ ಬಲದಿಂದ, ಸಾವು ದುರ್ಬಲ ಬಲದಿಂದ. ಸ್ಟ್ರೇಂಜ್ ಕ್ವಾರ್ಕಿನ ಸ್ಟ್ರೇಂಜ್‌ನೆಸ್ +1 ಅಲ್ಲ, −1. ಬಹಳ ಮಂದಿ ಎಡವುವ ಜಾಗವಿದು.

ತಾಳೆ ನೋಡುವ ಕ್ರಮ

ಯಾವ ಕ್ರಿಯೆ ನಡೆಯಬಹುದು, ಯಾವುದು ನಡೆಯದು ಎಂಬುದನ್ನು ನಿರ್ಧರಿಸುವ ಕೆಲಸ ಅಂಗಡಿಯ ಜಮಾಖರ್ಚು ಪುಸ್ತಕವನ್ನು ತಾಳೆ ನೋಡುವಂಥದ್ದು. ಪ್ರತಿಯೊಂದು ಸಂಖ್ಯೆಗೂ ಒಂದು ಖಾತೆ; ಕ್ರಿಯೆಗೆ ಮುನ್ನ ಇದ್ದ ಮೊತ್ತವೂ ನಂತರದ ಮೊತ್ತವೂ ಪ್ರತಿ ಖಾತೆಯಲ್ಲಿ ಹೊಂದಬೇಕು. ಖಾತೆಗಳು ಇವು: ಆವೇಶ, ಬ್ಯಾರಿಯಾನ್ ಸಂಖ್ಯೆ, ಎಲೆಕ್ಟ್ರಾನ್ ಲೆಪ್ಟಾನ್ ಸಂಖ್ಯೆ, ಮ್ಯೂಆನ್ ಲೆಪ್ಟಾನ್ ಸಂಖ್ಯೆ, ಪ್ರಬಲ ಕ್ರಿಯೆಯಾದರೆ ಸ್ಟ್ರೇಂಜ್‌ನೆಸ್. ಬ್ಯಾರಿಯಾನಿಗೆ ಬ್ಯಾರಿಯಾನ್ ಸಂಖ್ಯೆ 1, ಲೆಪ್ಟಾನಿಗೆ ಅದರ ಬಗೆಯ ಲೆಪ್ಟಾನ್ ಸಂಖ್ಯೆ 1, ಅವುಗಳ ಪ್ರತಿಕಣಗಳಿಗೆ −1, ಉಳಿದವಕ್ಕೆ 0. ಇವುಗಳ ಜೊತೆಗೆ ಶಕ್ತಿಯೂ ಸಂವೇಗವೂ ಯಾವಾಗಲೂ ಸಂರಕ್ಷಿತ.

ಮೊದಲು ಬೀಟಾ ಕ್ಷಯವನ್ನೇ ನೋಡೋಣ. ನ್ಯೂಟ್ರಾನ್ → ಪ್ರೋಟಾನ್ + ಎಲೆಕ್ಟ್ರಾನ್ ಎಂದು ಬರೆದರೆ ಆವೇಶ ಹೊಂದುತ್ತದೆ: 0 = +1 − 1. ಬ್ಯಾರಿಯಾನ್ ಸಂಖ್ಯೆಯೂ ಹೊಂದುತ್ತದೆ: 1 = 1 + 0. ಲೆಪ್ಟಾನ್ ಸಂಖ್ಯೆ ಮಾತ್ರ ಎಡಕ್ಕೆ 0, ಬಲಕ್ಕೆ 1. ಲೆಪ್ಟಾನ್ ಸಂಖ್ಯೆ −1 ಇರುವ ಎಲೆಕ್ಟ್ರಾನ್ ಪ್ರತಿನ್ಯೂಟ್ರಿನೊವನ್ನು ಬಲಕ್ಕೆ ಸೇರಿಸಿದಾಗ ಖಾತೆ ಸರಿಹೋಗುತ್ತದೆ. ನ್ಯೂಟ್ರಿನೊ ಎಂದು ಬರೆದರೆ ಅಂಕವಿಲ್ಲ, ಪ್ರತಿನ್ಯೂಟ್ರಿನೊ ಎಂದೇ ಬರೆಯಬೇಕು ಎಂಬುದರ ಕಾರಣ ಇದೇ.

ಎರಡನೆಯದು ಇನ್ನಷ್ಟು ಸ್ವಾರಸ್ಯಕರ. ಋಣ ಕೇಯಾನ್ + ಪ್ರೋಟಾನ್ → ಧನ ಕೇಯಾನ್ + ತಟಸ್ಥ ಕೇಯಾನ್ + ಒಂದು ಅಜ್ಞಾತ ಕಣ. ಇದು ಪ್ರಬಲ ಕ್ರಿಯೆ. ಅಜ್ಞಾತ ಕಣ ಯಾವುದು? ಆವೇಶದ ಖಾತೆಯಲ್ಲಿ ಎಡಕ್ಕೆ −1 + 1 = 0; ಬಲಕ್ಕೆ +1 ಮತ್ತು 0 ಈಗಾಗಲೇ ಇರುವುದರಿಂದ ಅಜ್ಞಾತ ಕಣದ ಆವೇಶ −1. ಬ್ಯಾರಿಯಾನ್ ಖಾತೆಯಲ್ಲಿ ಎಡಕ್ಕೆ ಪ್ರೋಟಾನಿನದು 1. ಬಲಗಡೆಯ ಎರಡು ಕೇಯಾನುಗಳೂ ಮೀಸಾನುಗಳಾದ್ದರಿಂದ ಅವುಗಳದು 0, ಆದ್ದರಿಂದ ಅಜ್ಞಾತ ಕಣ ಒಂದು ಬ್ಯಾರಿಯಾನ್. ಸ್ಟ್ರೇಂಜ್‌ನೆಸ್ ಎಡಕ್ಕೆ −1. ಬಲದ ಎರಡು ಕೇಯಾನುಗಳದು +1 ಮತ್ತು +1, ಆದ್ದರಿಂದ ಅಜ್ಞಾತ ಕಣದ್ದು −3. ಮೂರು ಕ್ವಾರ್ಕುಗಳ ಕಣದಲ್ಲಿ ಸ್ಟ್ರೇಂಜ್‌ನೆಸ್ −3 ಇರಬೇಕಾದರೆ ಮೂರೂ ಸ್ಟ್ರೇಂಜ್ ಕ್ವಾರ್ಕುಗಳೇ ಆಗಿರಬೇಕು; ಅವುಗಳ ಒಟ್ಟು ಆವೇಶ −1/3 − 1/3 − 1/3 = −1, ಅಂದರೆ ಮೊದಲ ಖಾತೆಯೊಡನೆ ಹೊಂದುತ್ತದೆ. ಈ ಕಣದ ಹೆಸರು ಋಣ ಒಮೆಗಾ. ಮರ್ರಿ ಗೆಲ್‌ಮನ್ 1962ರಲ್ಲಿ ಅದು ಇರಬೇಕೆಂದು ಹೇಳಿದ್ದರು. 1964ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಸಿಕ್ಕಿತು. ಅಭ್ಯಾಸಕ್ಕೆ ಒಂದೇ ಲೆಕ್ಕ ಮಾಡಲು ಸಮಯವಿದ್ದರೆ ಇದನ್ನೇ ಮಾಡುವುದು ಲೇಸು, ಏಕೆಂದರೆ ಅಧ್ಯಾಯದ ಬಹುಪಾಲು ಇದರಲ್ಲಿ ಅಡಗಿದೆ.

ಮ್ಯೂಆನ್ ಅಳಿದು ಎಲೆಕ್ಟ್ರಾನಾಗುವಾಗ ಎರಡು ಲೆಪ್ಟಾನ್ ಖಾತೆಗಳನ್ನೂ ಬೇರೆ ಬೇರೆಯಾಗಿ ಇಡಬೇಕು. ಋಣ ಮ್ಯೂಆನ್ → ಎಲೆಕ್ಟ್ರಾನ್ + ಎಲೆಕ್ಟ್ರಾನ್ ಪ್ರತಿನ್ಯೂಟ್ರಿನೊ + ಮ್ಯೂಆನ್ ನ್ಯೂಟ್ರಿನೊ. ಎರಡನ್ನೂ ಒಂದೇ ಖಾತೆಗೆ ಹಾಕಿದರೆ ತಪ್ಪು ಕ್ರಿಯೆಯೂ ಸರಿಯೆಂದು ತೋರಬಹುದು.

ಬಲವನ್ನು ಹೊತ್ತೊಯ್ಯುವ ಕಣಗಳು

ಎರಡು ಕಣಗಳ ನಡುವೆ ಬಲ ವರ್ತಿಸುವುದು ಮೂರನೆಯ ಕಣವೊಂದರ ವಿನಿಮಯದಿಂದ. ವಿದ್ಯುತ್ಕಾಂತೀಯ ಬಲಕ್ಕೆ ಅದು ವಾಸ್ತವವಾಗಿ ಪತ್ತೆಯಾಗದ ಮಿಥ್ಯಾ ಫೋಟಾನ್. ನ್ಯೂಕ್ಲಿಯಾನುಗಳ, ಅಂದರೆ ಪ್ರೋಟಾನ್ ಮತ್ತು ನ್ಯೂಟ್ರಾನುಗಳ, ನಡುವಿನ ಪ್ರಬಲ ಬಲಕ್ಕೆ ಪಯಾನ್. ದುರ್ಬಲ ಬಲಕ್ಕೆ ಧನ ಅಥವಾ ಋಣ ಡಬ್ಲ್ಯೂ ಬೋಸಾನ್. ಗ್ಲುಆನ್, ಗ್ರಾವಿಟಾನ್ ಇವು ಈ ಪಠ್ಯಕ್ರಮದ ಪರೀಕ್ಷೆಗಿಲ್ಲ. ಋಣ ಬೀಟಾ ಕ್ಷಯದಲ್ಲಿ ಒಂದು ಡೌನ್ ಕ್ವಾರ್ಕ್ ಅಪ್ ಆಗಿ ಬದಲಾಗಿ ಋಣ ಡಬ್ಲ್ಯೂ ಹೊರಬೀಳುತ್ತದೆ.

ಎಲೆಕ್ಟ್ರಾನ್ ಸೆರೆ (ನ್ಯೂಕ್ಲಿಯಸ್ಸಿನ ಪ್ರೋಟಾನೊಂದು ಪರಮಾಣುವಿನ ಎಲೆಕ್ಟ್ರಾನನ್ನು ಒಳಗೆಳೆದುಕೊಳ್ಳುವುದು) ಮತ್ತು ಎಲೆಕ್ಟ್ರಾನ್–ಪ್ರೋಟಾನ್ ಘರ್ಷಣೆ ಇವೆರಡರ ಸಮೀಕರಣ ಒಂದೇ: ಪ್ರೋಟಾನ್ + ಎಲೆಕ್ಟ್ರಾನ್ → ನ್ಯೂಟ್ರಾನ್ + ಎಲೆಕ್ಟ್ರಾನ್ ನ್ಯೂಟ್ರಿನೊ. ಕಣಗಳ ವಿನಿಮಯವನ್ನು ತೋರಿಸಲು ಬರೆಯುವ ಚಿತ್ರದಲ್ಲಿ ಮಾತ್ರ ವ್ಯತ್ಯಾಸ. ಸೆರೆಯಲ್ಲಿ ಪ್ರೋಟಾನಿನಿಂದ ಎಲೆಕ್ಟ್ರಾನಿನ ಕಡೆಗೆ ಧನ ಡಬ್ಲ್ಯೂ ಹೋಗುತ್ತದೆ. ಘರ್ಷಣೆಯಲ್ಲಿ ಎಲೆಕ್ಟ್ರಾನಿನಿಂದ ಪ್ರೋಟಾನಿನ ಕಡೆಗೆ ಋಣ ಡಬ್ಲ್ಯೂ. ಚಿತ್ರದ ಪ್ರತಿಯೊಂದು ಸಂಧಿಯಲ್ಲೂ ಆವೇಶದ ಖಾತೆ ಹೊಂದುತ್ತದೆಯೇ ಎಂದು ನೋಡಿದರೆ ತಪ್ಪುವ ಪ್ರಮೇಯವಿಲ್ಲ.

ಇದೇ ಅಧ್ಯಾಯದಲ್ಲಿರುವ ದ್ಯುತಿವಿದ್ಯುತ್ ಪರಿಣಾಮ ಪಿಯುಸಿಯಲ್ಲಿ ಓದಿದ್ದೇ: ಒಂದು ಫೋಟಾನಿನ ಶಕ್ತಿ ಒಂದೇ ಎಲೆಕ್ಟ್ರಾನಿಗೆ ಸಲ್ಲುತ್ತದೆ, ಲೋಹದಿಂದ ಬಿಡಿಸಿಕೊಳ್ಳಲು ಬೇಕಾದ ಕನಿಷ್ಠ ಶಕ್ತಿಯನ್ನು ಕಳೆದು ಉಳಿದದ್ದು ಗರಿಷ್ಠ ಚಲನಶಕ್ತಿ. ಬೆಳಕಿನ ತೀವ್ರತೆ ಹೆಚ್ಚಿಸಿದರೆ ಎಲೆಕ್ಟ್ರಾನುಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಒಂದೊಂದರ ಗರಿಷ್ಠ ಶಕ್ತಿಯಲ್ಲ.

ವಿದ್ಯುತ್: ವ್ಯಾಖ್ಯೆಗಳು ಮತ್ತು ರೇಖೆಗಳು

ಪ್ರವಾಹ ಎಂದರೆ ಆವೇಶ ಹರಿಯುವ ದರ. ವಿಭವಾಂತರ ಎಂದರೆ ಪ್ರತಿ ಕೂಲಂಬ್ ಆವೇಶಕ್ಕೆ ನಡೆಯುವ ಕೆಲಸ. ರೋಧ ಎಂದರೆ ವಿಭವಾಂತರವನ್ನು ಪ್ರವಾಹದಿಂದ ಭಾಗಿಸಿದ ಮೌಲ್ಯ. ಈ ಮೂರನೆಯದನ್ನೇ ಓಮ್‌ನ ನಿಯಮವೆಂದು ಬರೆಯುವುದು ಸರಿಯಲ್ಲ. ತಾಪ ಮುಂತಾದ ಭೌತಿಕ ಸ್ಥಿತಿಗಳು ಬದಲಾಗದಿದ್ದಾಗ ಪ್ರವಾಹವು ವಿಭವಾಂತರಕ್ಕೆ ನೇರ ಅನುಪಾತದಲ್ಲಿರುತ್ತದೆ ಎಂಬುದು ಓಮ್‌ನ ನಿಯಮ. ಅದು ಕೆಲವು ವಾಹಕಗಳಿಗೆ ಮಾತ್ರ ಅನ್ವಯಿಸುವ ವಿಶೇಷ ಸಂದರ್ಭ.

ದೀಪದ ತಂತು ಈ ನಿಯಮವನ್ನು ಪಾಲಿಸುವುದಿಲ್ಲ. ಪ್ರವಾಹ ಏರಿದಂತೆ ತಂತು ಕಾದು, ಅದರ ಲೋಹದ ಅಯಾನುಗಳ ಕಂಪನ ಹೆಚ್ಚಿ, ಎಲೆಕ್ಟ್ರಾನುಗಳು ಅವುಗಳಿಗೆ ಹೆಚ್ಚು ಸಲ ಡಿಕ್ಕಿ ಹೊಡೆಯುವುದರಿಂದ ರೋಧ ಏರುತ್ತದೆ, ರೇಖೆ ಬಾಗುತ್ತದೆ. ತಣ್ಣಗಿರುವ ತಂತುವಿನ ರೋಧ ಕಡಿಮೆಯಾದ್ದರಿಂದಲೇ ಸ್ವಿಚ್ ಹಾಕಿದ ಕ್ಷಣದಲ್ಲಿ ಅತಿ ಹೆಚ್ಚು ಪ್ರವಾಹ ಹರಿದು ಹಳೆಯ ಬಲ್ಬುಗಳು ಸುಡುತ್ತಿದ್ದವು. ಸಿಲಿಕಾನ್ ಡಯೋಡಿನಲ್ಲಿ ಸುಮಾರು 0.6 ವೋಲ್ಟ್‌ವರೆಗೆ ಪ್ರವಾಹ ನಗಣ್ಯ, ಆಮೇಲೆ ಕಡಿದಾಗಿ ಏರಿಕೆ. ಬಾಗಿದ ರೇಖೆಯ ಮೇಲೆ ರೋಧವನ್ನು ಕಂಡುಹಿಡಿಯಲು ಆ ಬಿಂದುವಿನ ವಿಭವಾಂತರವನ್ನು ಪ್ರವಾಹದಿಂದ ಭಾಗಿಸಬೇಕೇ ಹೊರತು ಸ್ಪರ್ಶಕದ ಇಳಿಜಾರನ್ನು ತೆಗೆದುಕೊಳ್ಳಬಾರದು. ಅಕ್ಷಗಳನ್ನು ಅದಲು ಬದಲು ಮಾಡಿ ಕೇಳುವುದಕ್ಕೂ ಪಠ್ಯಕ್ರಮದಲ್ಲಿ ಅವಕಾಶವಿದೆ. ರೇಖೆಯ ಆಕಾರಕ್ಕಿಂತ ಮೊದಲು ಅಕ್ಷದ ಹೆಸರನ್ನು ಓದಬೇಕು.

ಕಿರ್ಚಾಫ್‌ನ ಎರಡು ನಿಯಮಗಳು

ಗುಸ್ತಾವ್ ಕಿರ್ಚಾಫ್ 1845ರಲ್ಲಿ ಮಂಡಿಸಿದ ಎರಡು ನಿಯಮಗಳು ಕಣಗಳ ಅಧ್ಯಾಯದ ಜಮಾಖರ್ಚನ್ನೇ ವಿದ್ಯುನ್ಮಂಡಲಕ್ಕೆ ತರುತ್ತವೆ. ಸಂಧಿಯೊಂದಕ್ಕೆ ಬರುವ ಒಟ್ಟು ಪ್ರವಾಹವು ಅಲ್ಲಿಂದ ಹೊರಡುವ ಒಟ್ಟು ಪ್ರವಾಹಕ್ಕೆ ಸಮ ಎಂಬ ಮೊದಲನೆಯದು ಆವೇಶದ ಸಂರಕ್ಷಣೆ. ಮುಚ್ಚಿದ ಸುತ್ತಿನಲ್ಲಿ ವಿದ್ಯುಚ್ಚಾಲಕ ಬಲಗಳ (ಬ್ಯಾಟರಿಗಳು ಪ್ರತಿ ಕೂಲಂಬಿಗೆ ಒದಗಿಸುವ ಶಕ್ತಿಯ) ಮೊತ್ತವು ವಿಭವಾಂತರಗಳ ಮೊತ್ತಕ್ಕೆ ಸಮ ಎಂಬ ಎರಡನೆಯದು ಶಕ್ತಿಯ ಸಂರಕ್ಷಣೆ. ಯಾವ ನಿಯಮದ ಹಿಂದೆ ಯಾವ ಸಂರಕ್ಷಣೆ ಇದೆ ಎಂಬುದನ್ನೇ ಒಂದು ಅಂಕದ ಪ್ರಶ್ನೆಯಾಗಿ ಕೇಳಬಹುದು.

ಉದಾಹರಣೆಗೆ, ಆಂತರಿಕ ರೋಧ (ಬ್ಯಾಟರಿಯ ಒಳಗಿನ ರೋಧ) ನಗಣ್ಯವಾದ 12 ವೋಲ್ಟ್ ಬ್ಯಾಟರಿಗೆ 4 ಓಮ್ ರೋಧಕವೊಂದು ಸರಣಿಯಲ್ಲಿದೆ; ಅದರ ಮುಂದೆ 6 ಓಮ್ ಮತ್ತು 3 ಓಮ್ ರೋಧಕಗಳು ಸಮಾಂತರವಾಗಿವೆ. ಸಮಾಂತರ ಜೋಡಿಯ ಒಟ್ಟು ರೋಧ 2 ಓಮ್, ಇಡೀ ಮಂಡಲದ್ದು 6 ಓಮ್, ಪ್ರವಾಹ 2 ಆಂಪಿಯರ್. 4 ಓಮ್‌ನ ತುದಿಗಳ ನಡುವೆ 8 ವೋಲ್ಟ್, ಜೋಡಿಯ ನಡುವೆ ಉಳಿದ 4 ವೋಲ್ಟ್. ಕವಲುಗಳಲ್ಲಿ ಹರಿಯುವುದು 0.67 ಮತ್ತು 1.33 ಆಂಪಿಯರ್, ಕೂಡಿದರೆ ಮತ್ತೆ 2. ಹೀಗೆ ಕೊನೆಯಲ್ಲಿ ಒಮ್ಮೆ ತಾಳೆ ನೋಡಲು ಅರ್ಧ ನಿಮಿಷವೂ ಬೇಡ.

ಆಂತರಿಕ ರೋಧ

ಬ್ಯಾಟರಿಯು ಪ್ರತಿ ಕೂಲಂಬ್ ಆವೇಶಕ್ಕೆ ಒದಗಿಸುವ ಒಟ್ಟು ಶಕ್ತಿಯೇ ವಿದ್ಯುಚ್ಚಾಲಕ ಬಲ. ಹೆಸರಿನಲ್ಲಿ ಬಲವಿದ್ದರೂ ಅದರ ಮಾನ ವೋಲ್ಟ್. ಆವೇಶವು ಬ್ಯಾಟರಿಯ ಒಳಗಿನ ವಸ್ತುವನ್ನೂ ದಾಟಿ ಬರಬೇಕಾದ್ದರಿಂದ ಆ ಶಕ್ತಿಯ ಒಂದು ಪಾಲು ಅಲ್ಲೇ ಶಾಖವಾಗಿ ಹೋಗುತ್ತದೆ.

1.5 ವೋಲ್ಟ್ ವಿದ್ಯುಚ್ಚಾಲಕ ಬಲ, 0.5 ಓಮ್ ಆಂತರಿಕ ರೋಧ ಇರುವ ಕೋಶಕ್ಕೆ 2.5 ಓಮ್ ರೋಧಕವನ್ನು ಜೋಡಿಸಿದರೆ ಒಟ್ಟು ರೋಧ 3 ಓಮ್, ಪ್ರವಾಹ 0.5 ಆಂಪಿಯರ್. ಕೋಶದೊಳಗೆ ನಷ್ಟವಾಗುವುದು 0.25 ವೋಲ್ಟ್, ಹೊರಗೆ ದೊರೆಯುವುದು 1.25 ವೋಲ್ಟ್. ಸಾಮರ್ಥ್ಯದ ಲೆಕ್ಕದಲ್ಲಿ ಕೋಶ ಕೊಡುವುದು 0.75 ವಾಟ್, ರೋಧಕಕ್ಕೆ 0.625, ಕೋಶದೊಳಗೆ 0.125. ಪ್ರವಾಹ ಹೆಚ್ಚಾದಷ್ಟೂ ನಷ್ಟವೂ ಹೆಚ್ಚು. ಕಾರಿನ ಎಂಜಿನ್ ಚಾಲು ಮಾಡುವಾಗ ಸ್ಟಾರ್ಟರ್ ಮೋಟಾರು ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುವುದರಿಂದ ಆ ಕ್ಷಣದಲ್ಲಿ ದೀಪಗಳು ಮಂಕಾಗುವುದು ಇದೇ ಕಾರಣಕ್ಕೆ.

ಇದರ ಮೇಲೆ ಕಡ್ಡಾಯ ಪ್ರಯೋಗವೂ ಇದೆ. ಹೊರಗಿನ ರೋಧವನ್ನು ಬದಲಿಸುತ್ತ ಕೋಶದ ತುದಿಗಳ ವಿಭವಾಂತರವನ್ನೂ ಪ್ರವಾಹವನ್ನೂ ಅಳೆದು, ಪ್ರವಾಹವನ್ನು ಅಡ್ಡ ಅಕ್ಷದಲ್ಲಿಟ್ಟು ರೇಖೆ ಎಳೆದರೆ ಕೆಳಕ್ಕಿಳಿಯುವ ಸರಳರೇಖೆ ಬರುತ್ತದೆ. ಅದು ಲಂಬ ಅಕ್ಷವನ್ನು ಕಡಿಯುವ ಬಿಂದು ವಿದ್ಯುಚ್ಚಾಲಕ ಬಲ. ಇಳಿಜಾರಿನ ಪ್ರಮಾಣ ಆಂತರಿಕ ರೋಧ. ಅಕ್ಷ ಸೊನ್ನೆಯಿಂದ ಆರಂಭವಾಗಿಲ್ಲದ ರೇಖಾಚಿತ್ರದಲ್ಲಿ ಛೇದವನ್ನು ನೇರವಾಗಿ ಓದಿದರೆ ಉತ್ತರ ತಪ್ಪುತ್ತದೆ. ಅಳತೆಗಳ ನಡುವೆ ಸ್ವಿಚ್ ತೆಗೆದಿಡಬೇಕು. ಇಲ್ಲದಿದ್ದರೆ ಕೋಶ ಬಿಸಿಯಾಗಿ, ಬಳಲಿ, ಆಂತರಿಕ ರೋಧವೇ ಬದಲಾಗುತ್ತದೆ.

ವಿಭವ ವಿಭಾಜಕ

ಸರಣಿಯಲ್ಲಿರುವ ಎರಡು ರೋಧಕಗಳು ವಿಭವಾಂತರವನ್ನು ತಮ್ಮ ರೋಧಗಳ ಅನುಪಾತದಲ್ಲಿ ಹಂಚಿಕೊಳ್ಳುತ್ತವೆ. 6 ವೋಲ್ಟ್ ಮೂಲಕ್ಕೆ 2 ಕಿಲೋ ಓಮ್ ಸ್ಥಿರ ರೋಧಕ ಮತ್ತು ತಾಪ ಏರಿದಂತೆ ರೋಧ ಇಳಿಯುವ ಒಂದು ಥರ್ಮಿಸ್ಟರ್ ಜೋಡಿಸಿದೆ ಎನ್ನೋಣ. ಚಳಿಯಲ್ಲಿ ಥರ್ಮಿಸ್ಟರಿನ ರೋಧ 4 ಕಿಲೋ ಓಮ್ ಇದ್ದರೆ ಸ್ಥಿರ ರೋಧಕದ ಪಾಲು 2 ವೋಲ್ಟ್. ಬಿಸಿಯಾಗಿ ಅದು 1 ಕಿಲೋ ಓಮ್‌ಗೆ ಇಳಿದರೆ ಪಾಲು 4 ವೋಲ್ಟ್. ತಾಪ ಏರಿದಂತೆ ಏರುವ ಈ ವೋಲ್ಟೇಜನ್ನು ಫ್ಯಾನ್ ಚಾಲೂ ಮಾಡುವ ಮಂಡಲಕ್ಕೆ ಕೊಡಬಹುದು. ವೋಲ್ಟೇಜ್ ಯಾವ ಘಟಕದ ತುದಿಗಳಿಂದ ತೆಗೆದದ್ದು ಎಂಬುದನ್ನು ಚಿತ್ರದಲ್ಲಿ ನೋಡಿಕೊಂಡು ಉತ್ತರಿಸಬೇಕು. ಥರ್ಮಿಸ್ಟರಿನಿಂದಲೇ ತೆಗೆದಿದ್ದರೆ ಎಲ್ಲವೂ ತಲೆಕೆಳಗು.

ರೋಧಶೀಲತೆ ಮತ್ತು ಅತಿವಾಹಕತೆ

ತಂತಿಯ ರೋಧ ಅದರ ಉದ್ದದೊಡನೆ ಹೆಚ್ಚುತ್ತದೆ, ಅಡ್ಡಕೊಯ್ತದ ವಿಸ್ತೀರ್ಣದೊಡನೆ ಕಡಿಮೆಯಾಗುತ್ತದೆ. ರೋಧವನ್ನು ವಿಸ್ತೀರ್ಣದಿಂದ ಗುಣಿಸಿ ಉದ್ದದಿಂದ ಭಾಗಿಸಿದರೆ ಬರುವ ರೋಧಶೀಲತೆ ಮಾತ್ರ ವಸ್ತುವಿನ ಗುಣ. ಅದರ ಮಾನ ಓಮ್ ಮೀಟರ್. ತಾಮ್ರದ್ದು ಸುಮಾರು 1.7 × 10⁻⁸, ಕಾನ್‌ಸ್ಟಂಟಾನ್ ಮಿಶ್ರಲೋಹದ್ದು ಸುಮಾರು 4.9 × 10⁻⁷. ಹೀಗಾಗಿ 0.40 ಮಿಲಿಮೀಟರ್ ವ್ಯಾಸದ, 1 ಮೀಟರ್ ಉದ್ದದ ಕಾನ್‌ಸ್ಟಂಟಾನ್ ತಂತಿಯ ರೋಧ ಸುಮಾರು 3.9 ಓಮ್ ಬರುತ್ತದೆ.

ಕೆಲವು ವಸ್ತುಗಳ ರೋಧಶೀಲತೆ ಒಂದು ನಿರ್ಣಾಯಕ ತಾಪದಲ್ಲಿ ಮತ್ತು ಅದಕ್ಕಿಂತ ಕೆಳಗೆ ಪೂರ್ತಿ ಶೂನ್ಯವಾಗುತ್ತದೆ; ಅಂಥವು ಅತಿವಾಹಕಗಳು. ಹೈಕೆ ಕಾಮರ್ಲಿಂಗ್ ಓನ್ಸ್ 1911ರಲ್ಲಿ ಪಾದರಸವನ್ನು ಸುಮಾರು 4.2 ಕೆಲ್ವಿನ್‌ಗೆ ತಂಪು ಮಾಡಿದಾಗ ಇದನ್ನು ಕಂಡರು. ಕಣಗಳ ಅಧ್ಯಾಯಕ್ಕೆ ವಿದ್ಯುತ್ತಿನ ಅಧ್ಯಾಯ ಸಲ್ಲಿಸುವ ದೊಡ್ಡ ಸೇವೆಯೂ ಇದೇ. ಜಿನೀವಾ ಬಳಿ ಸುಮಾರು 27 ಕಿಲೋಮೀಟರ್ ಸುತ್ತಳತೆಯ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ಎಂಬ ಕಣ ಡಿಕ್ಕಿ ಯಂತ್ರದಲ್ಲಿ ಪ್ರೋಟಾನುಗಳ ದಾರಿಯನ್ನು ಬಾಗಿಸುವ 1232 ಕಾಂತಗಳ ಸುರುಳಿಗಳು ಅತಿವಾಹಕಗಳು. ಅವನ್ನು 1.9 ಕೆಲ್ವಿನ್‌ನಲ್ಲಿ ಇರಿಸಲಾಗುತ್ತದೆ, ಅವುಗಳಲ್ಲಿ 11,000 ಆಂಪಿಯರಿಗೂ ಮಿಕ್ಕಿದ ಪ್ರವಾಹ ಹರಿಯಬಲ್ಲದು. ಶಾಖವಾಗಿ ನಷ್ಟವಾಗುವ ಸಾಮರ್ಥ್ಯ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು. ರೋಧ ಶೂನ್ಯವಾದರೆ ಆ ನಷ್ಟವೂ ಶೂನ್ಯ. ಅತಿವಾಹಕದ ಉಪಯೋಗ ಬರೆಯಿರಿ ಎಂಬ ಪ್ರಶ್ನೆಗೆ ಪ್ರಬಲ ಕಾಂತಕ್ಷೇತ್ರ ಎಂದು ಬರೆದು ನಿಲ್ಲಿಸದೆ ಈ ಕಾರಣವನ್ನೂ ಸೇರಿಸಬೇಕು.

ರೋಧಶೀಲತೆಯನ್ನು ಅಳೆಯುವುದೂ ಕಡ್ಡಾಯ ಪ್ರಯೋಗ. ತಂತಿಯ ವ್ಯಾಸವನ್ನು ಮೈಕ್ರೋಮೀಟರಿನಿಂದ ಹಲವು ಕಡೆ, ಒಂದಕ್ಕೊಂದು ಲಂಬವಾದ ದಿಕ್ಕುಗಳಲ್ಲಿ ಅಳೆದು ಸರಾಸರಿ ತೆಗೆಯುತ್ತಾರೆ. ಉದ್ದ ಬದಲಿಸುತ್ತ ರೋಧ ಅಳೆದು ಎಳೆದ ರೇಖೆಯ ಇಳಿಜಾರನ್ನು ವಿಸ್ತೀರ್ಣದಿಂದ ಗುಣಿಸಿದರೆ ರೋಧಶೀಲತೆ. ತಂತಿ ಕಾಯದಂತೆ ಪ್ರವಾಹವನ್ನು ಕಡಿಮೆ ಇಡಬೇಕು. ವ್ಯಾಸವನ್ನು ಅರ್ಧ ಮಾಡಲು ಮರೆಯುವುದು, ಚದರ ಮಿಲಿಮೀಟರನ್ನು ಚದರ ಮೀಟರಿಗೆ ಬದಲಿಸುವಾಗ 10⁻⁶ರ ಬದಲು 10⁻³ ಬಳಸುವುದು ಇಲ್ಲಿನ ಸಾಮಾನ್ಯ ತಪ್ಪುಗಳು. ವಿಸ್ತೀರ್ಣದಲ್ಲಿ ವ್ಯಾಸದ ವರ್ಗ ಇರುವುದರಿಂದ ವ್ಯಾಸದ ಶೇಕಡಾ ಅನಿಶ್ಚಿತತೆ ಎರಡು ಪಟ್ಟಾಗುತ್ತದೆ: 0.40 ಮಿಲಿಮೀಟರಿನಲ್ಲಿ 0.01ರಷ್ಟು ಅನಿಶ್ಚಿತತೆ ಎಂದರೆ ವ್ಯಾಸದಲ್ಲಿ ಶೇ. 2.5, ವಿಸ್ತೀರ್ಣದಲ್ಲಿ ಶೇ. 5. ಮೂರನೆಯ ಪತ್ರಿಕೆಯ 80 ಅಂಕಗಳಲ್ಲಿ 45 ಅಂಕ ಪ್ರಯೋಗ ಕೌಶಲ ಮತ್ತು ದತ್ತಾಂಶ ವಿಶ್ಲೇಷಣೆಗೆ ಮೀಸಲಾಗಿರುವುದರಿಂದ ಈ ಪ್ರಯೋಗವೂ ಆಂತರಿಕ ರೋಧದ ಪ್ರಯೋಗವೂ ಅಲ್ಲಿ ಮತ್ತೊಮ್ಮೆ ಎದುರಾಗಬಹುದು. ಮೊದಲ ಪತ್ರಿಕೆ ಮುಗಿಯಿತೆಂದು ಇವುಗಳ ಟಿಪ್ಪಣಿಯನ್ನು ಎತ್ತಿಡುವಂತಿಲ್ಲ.